ಸರದಿ ಅಕ್ಕ ಕಂಡ ಒಂದು ಬಡಿತ

ವಿಶ್ವವಿದ್ಯಾಲಯದ ಗಣಕ ಕೇಂದ್ರದ ನೆಲಮಾಳಿಗೆಯಲ್ಲಿ ಒಂದು ಕಿಟಕಿಯಿತ್ತು. ಗಾಳಿ ಬೆಳಕಿಗೆ ಇಟ್ಟ ಕಿಟಕಿಯಲ್ಲ, ಗೋಡೆಯಲ್ಲಿ ಕೊರೆದ ಕಂಡಿ. ಒಂದು ಕೈ ಒಳಗೆ ತೂರುವಷ್ಟು ಅಗಲ. ಅದರ ಆಚೆ ವಿಜ್ಞಾನಿಗಳು ನಿಲ್ಲುತ್ತಿದ್ದರು, ಈಚೆ ಅವಳು ಕೂರುತ್ತಿದ್ದಳು. ಹಾಗೆ ಮೂವತ್ತನಾಲ್ಕು ವರ್ಷ ಕೂತಳು. ಹಾಜರಿ ಪುಸ್ತಕದಲ್ಲಿ ಅವಳಿಗೂ ಒಂದು ಹೆಸರಿತ್ತು. ಆದರೆ ಕುಲಪತಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಸರದಿ ಅಕ್ಕ.

ಕಿಟಕಿಯ ಹಿಂದಿನ ಕೋಣೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಒಂದರ ಕೈಲಿ ಆಗದ ಲೆಕ್ಕವನ್ನು ಎಂಟೂ ಹಂಚಿಕೊಂಡು ಮಾಡಲಿ ಎಂದು ಅವನ್ನು ತಂತಿಯಿಂದ ಒಂದಕ್ಕೊಂದು ಬೆಸೆದಿದ್ದರು. ಹವಾಮಾನದವರಿಗೆ ಅದು ಬೇಕು, ಸೇತುವೆ ಕಟ್ಟುವವರಿಗೆ ಬೇಕು, ಔಷಧಿ ಹುಡುಕುವವರಿಗೆ ಬೇಕು. ಇದ್ದದ್ದು ಎಂಟೇ. ಬೇಕಾದವರು ಒಂದು ಚೀಟಿಯಲ್ಲಿ ಎಷ್ಟು ಯಂತ್ರ, ಎಷ್ಟು ಗಂಟೆ, ಏನು ಕೆಲಸ ಎಂದು ಬರೆದು ಕಂಡಿಯೊಳಗೆ ಚಾಚುತ್ತಿದ್ದರು. ಅಕ್ಕ ಚೀಟಿಯನ್ನು ಒಮ್ಮೆ, ಕೊಟ್ಟವರ ಮುಖವನ್ನು ಒಮ್ಮೆ ನೋಡಿ ಅದನ್ನು ಮೊಳೆಗೆ ಚುಚ್ಚುತ್ತಿದ್ದಳು. ಯಾರದ್ದು ಮೊದಲು, ಯಾರದ್ದು ಆಮೇಲೆ ಎಂದು ತೀರ್ಮಾನಿಸುವವಳು ಅವಳೇ. ಅದಕ್ಕೆ ಬರೆದಿಟ್ಟ ನಿಯಮ ಯಾವುದೂ ಇರಲಿಲ್ಲ.

ಆ ಗುಣ ಅವಳಿಗೆ ಚಿಕ್ಕಂದಿನಿಂದಲೇ ಬಂದದ್ದು. ಎಂಟು ವರ್ಷದವಳಿದ್ದಾಗ ತಾಯಿ ಅವಳನ್ನು ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಕಾಯಲು ಕೂರಿಸುತ್ತಿದ್ದಳು. ಅರವತ್ತು ಕೊಡ, ಎಲ್ಲ ಒಂದೇ ತರಹ. ಯಾರದ್ದು ಯಾರ ಹಿಂದೆ ಎಂದು ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅವಳು ಆಚೆ ತಿರುಗಿದಾಗ ಯಾರಾದರೂ ಕೊಡವನ್ನು ಎರಡು ಗೇಣು ಮುಂದೆ ಸರಿಸಿದರೆ, "ಅತ್ತೇ, ನಿಮ್ಮ ಕೊಡಕ್ಕೆ ಕಾಲು ಬಂತಾ?" ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಗಂಡ, "ನಿನ್ನ ಆಫೀಸಲ್ಲಿ ಏನು ಮಾಡ್ತೀಯ?" ಎಂದು ಕೇಳಿದ್ದ. ಅವನು ದರ್ಜಿ. ಎರಡು ಬೀದಿಯಾಚೆ ಅವನ ಅಂಗಡಿ. ಅವಳು ವಿವರಿಸಿದಳು. ಐದು ಯಂತ್ರ ಎರಡು ದಿನ ಬೇಕೆನ್ನುವ ದೊಡ್ಡ ಕೆಲಸ ಒಂದು ಕಡೆ ಹತ್ತಿರುತ್ತದೆ. ಮಿಕ್ಕ ಮೂರು ಯಂತ್ರ, ಅದು ಮುಗಿದ ಮೇಲೆ ಬರುವ ಇನ್ನೊಂದು ದೊಡ್ಡ ಕೆಲಸಕ್ಕೆ ಕಾದು, ನಾಳೆ ಮಧ್ಯಾಹ್ನದವರೆಗೆ ಸುಮ್ಮನೆ ಬಿದ್ದಿರುತ್ತವೆ. ಅಷ್ಟರಲ್ಲೇ ಮುಗಿಯುವ ಚಿಕ್ಕ ಚೀಟಿಗಳನ್ನು ಹುಡುಕಿ ಅಲ್ಲಿ ತೂರಿಸಬೇಕು, ದೊಡ್ಡವರಿಗೂ ತಡವಾಗಬಾರದು. ಅವನು ಕತ್ತರಿ ಕೆಳಗಿಟ್ಟು ನಕ್ಕ.

"ಅಂದ್ರೆ ನಂದೇ ಕೆಲಸ. ಕೋಟಿನ ಬೆನ್ನು ಕತ್ತರಿಸಿದ್ಮೇಲೆ ಮಿಕ್ಕ ತುಂಡಲ್ಲಿ ಕಾಲರ್ ತೆಗೀಬೇಕು."

"ನಿಮ್ಮ ಬಟ್ಟೆ ಜಗಳ ಆಡಲ್ಲ ರೀ. ನನ್ನ ಚೀಟಿಗಳು ಆಡ್ತವೆ."

ಜಗಳಕ್ಕೇನೂ ಬರವಿರಲಿಲ್ಲ. ಒಮ್ಮೆ ಒಬ್ಬ ವಿಭಾಗದ ಮುಖ್ಯಸ್ಥರು ಕಂಡಿಗೆ ಮುಖ ಹಚ್ಚಿ, "ನಂದು ಬಹಳ ಅರ್ಜೆಂಟು" ಎಂದರು. "ಎಲ್ಲಾರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು ಸರ್? ಚೀಟಿ ಕೊಡಿ. ಸರದಿ ತಾನಾಗಿ ಬರುತ್ತೆ" ಎಂದಳು. ಅವರು ಉರಿದುಕೊಂಡು ಹೋದರು. ಆದರೆ ಅವರಿಗೂ ಗೊತ್ತಿತ್ತು, ಈ ಹೆಂಗಸು ಯಾರ ಮುಲಾಜಿಗೂ ಬೀಳುವವಳಲ್ಲ, ಯಾರನ್ನೂ ಮರೆಯುವವಳೂ ಅಲ್ಲ ಎಂದು.

ಅವಳು ಕಿಟಕಿಗೆ ಬಂದು ಹತ್ತು ವರ್ಷವಾದಾಗ ಒಬ್ಬ ತೆಳ್ಳನೆಯ ಮೇಷ್ಟ್ರು ಚೀಟಿ ತಂದರು. ಯಂತ್ರ: ಎಂಟು. ಸಮಯ: ಮೂರು ದಿನ. ಕೆಲಸ: ಹೃದಯ. ಅಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಂಟೂ ಬೇಕಾ? ಉಳಿದೋರೆಲ್ಲ ಮೂರು ದಿನ ಬಾಯಲ್ಲಿ ಬೆರಳಿಟ್ಕೊಂಡು ಕೂರ್ಬೇಕಾ?"

"ಅಕ್ಕ, ಹೃದಯದ ಗೋಡೆಯ ಒಂದು ಚೂರು, ಒಂದು ಕವಾಟ, ಹೀಗೆ ತುಂಡು ತುಂಡಾಗಿ ಎಲ್ಲಾರೂ ಲೆಕ್ಕ ಹಾಕಿದ್ದಾರೆ. ಆದ್ರೆ ಬಡಿಯೋದು ತುಂಡಲ್ಲ, ಇಡೀದು. ಒಂದೇ ಒಂದು ಬಡಿತ ಮೊದಲಿಂದ ಕೊನೇವರೆಗೆ ನೋಡ್ಬೇಕು ನಂಗೆ" ಎಂದರು ಮೇಷ್ಟ್ರು. ಹುಟ್ಟುವಾಗಲೇ ಎದೆಯಲ್ಲಿ ತೂತಿರುವ ಮಕ್ಕಳ ಬಗ್ಗೆ, ಕತ್ತರಿ ಹಾಕುವ ಮೊದಲು ವೈದ್ಯರಿಗೆ ತಿಳಿದಿರಬೇಕಾದ್ದರ ಬಗ್ಗೆಯೂ ಹೇಳಿದರು. ಅಂದಿನಿಂದ ಅವರಿಗೆ ಎದೆ ಮೇಷ್ಟ್ರು ಎಂದೇ ಹೆಸರಾಯಿತು.

ಎಂಟೂ ಯಂತ್ರಗಳನ್ನು ಒಂದೇ ಗಳಿಗೆಗೆ ಖಾಲಿ ಮಾಡುವುದು ಅಂದುಕೊಂಡಷ್ಟು ಸುಲಭವಲ್ಲ. ಒಂದು ಬಿಡುವಾದಾಗ ಇನ್ನೊಂದರಲ್ಲಿ ಕೆಲಸ ಅರ್ಧಕ್ಕೆ ಬಂದಿರುತ್ತದೆ. ಅಕ್ಕ ಮೂರು ವಾರ ಹೆಣಗಿದಳು. ಒಬ್ಬೊಬ್ಬರನ್ನೂ ಕಾಡಿ ಬೇಡಿ ಹಿಂದೆ ಮುಂದೆ ಮಾಡಿದಳು. ಸೇತುವೆಯವರು ಎರಡು ದಿನ ಎಂದು ಹೇಳಿ ಮೂರೂವರೆ ದಿನ ಎಳೆದರು. ಆ ಹೆಚ್ಚಿನ ಒಂದೂವರೆ ದಿನ ಮಿಕ್ಕ ಏಳು ಯಂತ್ರ ಸುಮ್ಮನೆ ಕೂತವು. ಅಂತೂ ಎಂಟೂ ಖಾಲಿಯಾಗಿ ಹೃದಯದ ಕೆಲಸ ಹತ್ತಿತು. ಎರಡನೆಯ ದಿನ ಮಧ್ಯಾಹ್ನ ಮೂರನೇ ಯಂತ್ರ ಸದ್ದಿಲ್ಲದೆ ನಿಂತುಹೋಯಿತು. ಎಂಟೂ ಒಂದನ್ನೊಂದು ಕೇಳಿಕೊಂಡು ಮಾಡುವ ಲೆಕ್ಕ. ಒಂದು ನಿಂತರೆ ಎಲ್ಲವೂ ನಿಂತಂತೆ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮೇಷ್ಟ್ರು ಕೂಗಾಡಲಿಲ್ಲ. ಕಿಟಕಿಯಾಚೆಯ ಮೆಟ್ಟಿಲ ಮೇಲೆ ಕೂತರು. ಅಕ್ಕ ಬಾಗಿಲು ತೆರೆದು ಹೊರಗೆ ಹೋಗಿ ತನ್ನ ಊಟದ ಡಬ್ಬಿಯಲ್ಲಿ ಅರ್ಧ ಅವರ ಮುಂದಿಟ್ಟಳು. ಇಬ್ಬರೂ ಉಂಡರು. "ಯಂತ್ರದ್ದೇನು ತಪ್ಪಿಲ್ಲ ಬಿಡಿ, ಅದಕ್ಕೂ ಸುಸ್ತಾಗುತ್ತೆ" ಎಂದು ಹೇಳಿ ಮೇಷ್ಟ್ರು ಎದ್ದು ಹೋದರು. ಆಮೇಲೆ ಇಪ್ಪತ್ತನಾಲ್ಕು ವರ್ಷ ಅವರು ಎಂಟು ಎಂದು ಬರೆದ ಚೀಟಿ ತರಲಿಲ್ಲ. ಎರಡು, ಮೂರು ಎಂದು ತುಂಡುಗಳನ್ನೇ ಲೆಕ್ಕ ಹಾಕಿಸಿದರು. ಆ ಚೀಟಿಗಳನ್ನು ಚುಚ್ಚುವಾಗೆಲ್ಲ ಅಕ್ಕನಿಗೆ ಕರುಳು ಚುರ್ ಎನ್ನುತ್ತಿತ್ತು.

ಅಕ್ಕನ ನಿವೃತ್ತಿಗೆ ಒಂದೂವರೆ ವರ್ಷ ಉಳಿದಾಗ ಹಿತ್ತಲಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು. ಅದರೊಳಗೆ ಮೂವತ್ತು ಕಪಾಟು, ಕಪಾಟಿಗೆ ನಲವತ್ತು ಕಂಪ್ಯೂಟರು. ಲೆಕ್ಕ ಹಾಕಿದರೆ ಸಾವಿರದ ಇನ್ನೂರು. ಎಲ್ಲವನ್ನೂ ಸೇರಿಸಿ ಕ್ಲಸ್ಟರ್ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳಲು ಒಂದು ದೊಡ್ಡ ತಂತ್ರಾಂಶ ಬರುತ್ತದೆ, ಚೀಟಿ ಕಿಟಕಿ ಮುಚ್ಚುತ್ತದೆ ಎಂದು ಸುದ್ದಿಯಾಯಿತು. ನಿರ್ದೇಶಕರು ಅಕ್ಕನನ್ನು ಕರೆದು, "ನಿಮ್ಮನ್ನ ಗ್ರಂಥಾಲಯಕ್ಕೆ ಹಾಕ್ತೀವಿ, ಆರಾಮಾಗಿರಿ" ಎಂದರು. ಅಕ್ಕ ಆಗಲಿ ಎಂದು ತಲೆಯಾಡಿಸಿ ಬಂದಳು. ಆ ಸಂಜೆ ಮನೆಯಲ್ಲಿ ಗಂಡನಿಗೆ ಗ್ರಂಥಾಲಯದ ಸುದ್ದಿ ಒಂದೇ ಮಾತಲ್ಲಿ ಹೇಳಿ ಒಲೆ ಹಚ್ಚಲು ಹೋದಳು. ಅವನು ಕೆದಕದೆ, ಕಿತ್ತುಹೋಗದಿದ್ದ ಅವಳ ಕೈಚೀಲದ ಹಿಡಿಗೆ ಸುಮ್ಮನೆ ಎರಡು ಹೊಲಿಗೆ ಹೆಚ್ಚಾಗಿ ಹಾಕಿಕೊಟ್ಟ.

ಮರುವಾರ ಕಿಟಕಿಗೆ ಒಬ್ಬ ಯುವತಿ ಬಂದಳು. ತಂತ್ರಾಂಶವನ್ನು ಹೂಡಲು ಬಂದ ಇಂಜಿನಿಯರು ಅವಳೇ. ವಯಸ್ಸು ಮೂವತ್ತರ ಆಸುಪಾಸು, ಎರಡು ತಿಂಗಳಿಂದ ಕಪಾಟುಗಳ ನಡುವೆಯೇ ಓಡಾಡಿ ತಲೆಗೂದಲ ಮೇಲೆ ರಟ್ಟಿನ ಡಬ್ಬಗಳ ದೂಳು.

"ಅಕ್ಕ, ಈ ತಂತ್ರಾಂಶಕ್ಕೆ ನಿಯಮ ಬರೀಬೇಕು. ಯಾರು ಮುಂದೆ, ಯಾರು ಹಿಂದೆ, ಯಾಕೆ ಅಂತ. ಆಫೀಸಲ್ಲಿ ಎಲ್ಲಾರನ್ನೂ ಕೇಳಿದೆ. ಎಲ್ಲಾರೂ ಒಂದೇ ಮಾತು ಹೇಳಿದ್ರು."

"ಏನಂತೆ?"

"ಅಕ್ಕನಿಗೆ ಗೊತ್ತು ಅಂತ."

ಅಕ್ಕ ಕಂಡಿಯಿಂದಲೇ ಅವಳನ್ನು ದಿಟ್ಟಿಸಿದಳು. ಆಮೇಲೆ ಬಾಗಿಲ ಚಿಲಕ ತೆಗೆದು, "ಒಳಗೆ ಬಾಮ್ಮ" ಎಂದಳು. ಮೂವತ್ತನಾಲ್ಕು ವರ್ಷದಲ್ಲಿ ಚೀಟಿ ತಂದವರು ಯಾರೂ ಆ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ.

ಒಂದು ತಿಂಗಳು ದಿನಾ ಬೆಳಗ್ಗೆ ಇಬ್ಬರೂ ಕೂತರು. ಅಕ್ಕ ಹೇಳುವುದು, ಯುವತಿ ಬರೆದುಕೊಳ್ಳುವುದು. "ಹೋದ ವಾರ ಹೊಟ್ಟೆ ತುಂಬಾ ಉಂಡೋರು ಈ ವಾರ ಸ್ವಲ್ಪ ಹಿಂದೆ ನಿಲ್ಲಲಿ" ಎಂದಳು ಅಕ್ಕ. ಯುವತಿ ತಂತ್ರಾಂಶದ ಕೈಪಿಡಿ ತಿರುವಿ, "ಇದೆ ಅಕ್ಕ, ಇಲ್ಲೇ ಇದೆ. ಹಳೇ ಬಳಕೆ ದಿನ ಕಳೆದ ಹಾಗೆ ಮರೆತುಹೋಗೋದಕ್ಕೂ ಲೆಕ್ಕ ಇಟ್ಟಿದ್ದಾರೆ" ಎಂದಳು. "ಬಹಳ ದಿನ ಕಾದೋರಿಗೆ ಕಾದಷ್ಟೂ ತೂಕ ಜಾಸ್ತಿ." ಅದೂ ಇತ್ತು. "ದೊಡ್ಡದು ಕಾಯ್ತಿರುವಾಗ ಸಂದಿಯಲ್ಲಿ ಚಿಕ್ಕದನ್ನ ತೂರಿಸಬಹುದು, ಆದ್ರೆ ದೊಡ್ಡದಕ್ಕೆ ಒಂದು ನಿಮಿಷಾನೂ ತಡ ಆಗಬಾರದು." ಅದಂತೂ ಪದಕ್ಕೆ ಪದ ಹಾಗೆಯೇ ಇತ್ತು.

ಅಕ್ಕನ ಮೈ ಜುಮ್ಮೆಂದಿತು. ಇದನ್ನೆಲ್ಲ ಅವಳು ಯಾರಿಗೂ ಹೇಳಿಕೊಟ್ಟವಳಲ್ಲ, ಯಾರಿಂದಲೂ ಕಲಿತವಳಲ್ಲ. ಬೈಸಿಕೊಂಡು, ಎಡವಿ, ಮುಖಗಳನ್ನು ನೋಡಿ ನೋಡಿ ಒಂದೊಂದಾಗಿ ಕಂಡುಕೊಂಡದ್ದು.

"ಇವರಿಗೆ ಯಾರು ಹೇಳಿದ್ರಮ್ಮ?"

"ಇದನ್ನ ಎಷ್ಟೋ ದೇಶದ ಜನ ಸೇರಿ ಎಷ್ಟೋ ವರ್ಷದಿಂದ ಬರೀತಾ ಇದ್ದಾರೆ ಅಕ್ಕ. ಅಲ್ಲೂ ಯಾರೋ ನಿಮ್ಮ ಹಾಗೇ ಇಂಥದ್ದೇ ಕಿಟಕಿ ಹಿಂದೆ ಕೂತಿರ್ತಾರೆ."

ಅಕ್ಕ ಆ ದಿನ ಮನೆಗೆ ನಡೆದುಕೊಂಡೇ ಹೋದಳು. ಎಂದೂ ಮುಖ ನೋಡದ, ಭಾಷೆ ತಿಳಿಯದ ಯಾರೋ ಎಲ್ಲೋ ಕೂತು, ಕಾದವರಿಗೆ ನ್ಯಾಯ ಯಾವುದು ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಅವಳು ಬಂದು ಮುಟ್ಟಿದ ಜಾಗಕ್ಕೇ ಬಂದು ಮುಟ್ಟಿದ್ದರು. ಬೀದಿಯ ತುಂಬ ಜನ ಸಾಮಾನು ಕೊಳ್ಳುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು. ಅವಳಿಗೆ ಎಲ್ಲರನ್ನೂ ನಿಲ್ಲಿಸಿ ಈ ವಿಷಯ ಹೇಳಬೇಕು ಅನ್ನಿಸಿತು.

ಒಂದೇ ಒಂದು ನಿಯಮ ಮಾತ್ರ ಕೈಪಿಡಿಯಲ್ಲಿ ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ ಚೀಟಿ ತಂದ ವಿದ್ಯಾರ್ಥಿಯ ಕೆಲಸವನ್ನು, ಅದು ಚಿಕ್ಕದಾಗಿದ್ದರೆ, ಅಕ್ಕ ಅದೇ ದಿನ ಹತ್ತಿಸಿಬಿಡುತ್ತಿದ್ದಳು. "ಮೊದಲನೇ ಸಲಾನೇ ಹತ್ತು ದಿನ ಕಾಯಿಸಿದ್ರೆ ಹುರುಪು ಇಂಗಿಹೋಗುತ್ತಮ್ಮ." ಯುವತಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಎರಡು ದಿನ ಕೂತು ಆ ನಿಯಮವನ್ನೂ ಬರೆದು ಸೇರಿಸಿದಳು. ಆಮೇಲೆ ನಿರ್ದೇಶಕರ ಹತ್ತಿರ ಹೋಗಿ, ಈ ಅಕ್ಕನನ್ನು ಗ್ರಂಥಾಲಯಕ್ಕೆ ಕಳಿಸಿದರೆ ನಾನೂ ಗಂಟು ಮೂಟೆ ಕಟ್ಟುತ್ತೇನೆ ಎಂದು ಹೇಳಿ ಬಂದಳು. ಹೊಸ ಕಟ್ಟಡದ ಮೇಲ್ವಿಚಾರಣೆ ಕೋಣೆಯಲ್ಲಿ ಅಕ್ಕನಿಗೂ ಒಂದು ಮೇಜು ಬಿತ್ತು.

ಎಲ್ಲ ಯಂತ್ರಗಳನ್ನೂ ಮೊದಲ ಸಲ ಎಬ್ಬಿಸುವ ದಿನ ಅಕ್ಕ ಆ ಮೇಜಿನಲ್ಲೇ ಇದ್ದಳು. ಹಳೆಯ ಎಂಟರಲ್ಲಿ ಒಂದು ಕೆಟ್ಟರೆ ಅದಕ್ಕೆ ಹೊಸದಾಗಿ ಎಲ್ಲವನ್ನೂ ತುಂಬಿ ಸರಿಮಾಡಲು ಒಂದು ದಿನ ಹಿಡಿಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಇಲ್ಲಿ ಸಾವಿರದ ಇನ್ನೂರು, ಒಳಗೆ ಏನೂ ಇಲ್ಲದ ಬರೀ ಪೆಟ್ಟಿಗೆಗಳು. ಅವಳು ಮನಸ್ಸಿನಲ್ಲೇ ಮೂರು ವರ್ಷ ಎಂದು ಲೆಕ್ಕ ಹಾಕಿಕೊಂಡಳು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಸಾವಿರದ ಇನ್ನೂರು ಪುಟ್ಟ ಚೌಕಗಳು ಬೂದು ಬಣ್ಣದಲ್ಲಿದ್ದವು, ಯಂತ್ರಕ್ಕೊಂದು ಚೌಕ. ಯುವತಿ ಒಂದು ಸಾಲು ಬರೆದು ಒಂದು ಕೀಲಿ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಗೋಡೆಯಾಚೆ ಫ್ಯಾನುಗಳು ಒಂದೊಂದಾಗಿ ಗುಂಯ್‌ಗುಟ್ಟಲು ಶುರುವಾದವು. ಆಮೇಲೆ ಪರದೆಯ ಎಡಮೂಲೆಯಲ್ಲಿ ಒಂದು ಚೌಕ ಹಸಿರಾಯಿತು. ಅದರ ಪಕ್ಕ ಇನ್ನೊಂದು. ಆಮೇಲೆ ಹತ್ತು, ನೂರು. ಒಣನೆಲದಲ್ಲಿ ನೀರು ಹರಿದ ಹಾಗೆ ಹಸಿರು ಹರಡಿಕೊಂಡಿತು. ತಲೆಯಾಳು ಯಂತ್ರವೊಂದು ತನ್ನಲ್ಲಿದ್ದುದನ್ನು ಎಲ್ಲಕ್ಕೂ ಹಂಚುತ್ತಿತ್ತು, ನೀನು ಇಂಥವನು, ನಿನ್ನ ಕೆಲಸ ಇಂಥದು, ನಿನ್ನ ನೆರೆಯವರು ಇವರು ಎಂದು. ಹನ್ನೊಂದು ನಿಮಿಷ. ಕೆಂಪಾದ ಏಳು ಚೌಕ ಬಿಟ್ಟು ಮಿಕ್ಕವೆಲ್ಲ ಹಸಿರು.

"ಆ ಏಳಕ್ಕೇನಾಯ್ತು?" ಅಕ್ಕ ಪರದೆಯತ್ತ ಬೆರಳು ತೋರಿಸಿದಳು.

ಯುವತಿ ಕೆಂಪು ಚೌಕವೊಂದನ್ನು ಮುಟ್ಟಿದಳು. ಹದಿನೇಳನೇ ಕಪಾಟು, ಇಪ್ಪತ್ತಮೂರನೇ ಖಾನೆ, ಜಾಲದ ತಂತಿಯಲ್ಲಿ ಮಾತು ಬರುತ್ತಿಲ್ಲ ಎಂದು ಬರೆದಿತ್ತು. ಇಬ್ಬರೂ ಒಳಗೆ ಹೋದರು. ಹದಿನೇಳನೇ ಕಪಾಟು, ಮೇಲಿನಿಂದ ಎಣಿಸಿ ಇಪ್ಪತ್ತಮೂರು. ಅಲ್ಲಿ ಒಂದು ತಂತಿ ತೂತಿನಿಂದ ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಅಕ್ಕ ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು. ಹೊರಗೆ ಬಂದು ನೋಡಿದರೆ ಚೌಕ ಹಸಿರಾಗಿತ್ತು.

"ಇದು ಒಟ್ಟು ಕುಟುಂಬದ ಅತ್ತೆ ಇದ್ದ ಹಾಗಿದೆ ನೋಡಮ್ಮ" ಎಂದಳು ಅಕ್ಕ. "ಯಾರು ಉಂಡಿದ್ದಾರೆ, ಯಾರು ಹಸಿದಿದ್ದಾರೆ, ಯಾರಿಗೆ ಮೈ ಬಿಸಿ, ಕೂತಲ್ಲೇ ಎಲ್ಲ ಗೊತ್ತು."

"ಬಯ್ಯಲ್ಲ, ಅಷ್ಟೇ ವ್ಯತ್ಯಾಸ" ಎಂದಳು ಯುವತಿ. ಅವಳಿಗೂ ಹೋದ ವರ್ಷವಷ್ಟೇ ಮದುವೆಯಾಗಿತ್ತು.

ದಿನಗಳು ಹೋದವು. ನೂರಾರು ಜನ ತಮ್ಮ ತಮ್ಮ ಕೋಣೆಯಿಂದಲೇ ಕೆಲಸ ಕಳಿಸತೊಡಗಿದರು. ಅಕ್ಕ ಪರದೆಯೆದುರು ಕೂತು ನೋಡುತ್ತಿದ್ದಳು. ಸಾಲಿನಲ್ಲಿ ನಾಲ್ಕು ಸಾವಿರ ಕೆಲಸ. ಅವಳ ಮೊಳೆಗೆ ಒಮ್ಮೆಗೆ ಮೂವತ್ತು ಚೀಟಿ ಚುಚ್ಚಿದರೆ ಹೆಚ್ಚು. ಒಂದು ಮುಗಿದ ಕ್ಷಣವೇ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತಿತ್ತು. ಎಷ್ಟೋ ಸಲ ಅವಳು ಮನಸ್ಸಿನಲ್ಲೇ, ಈಗ ನಾನಾಗಿದ್ದರೆ ಅದನ್ನು ಇಲ್ಲಿಡುತ್ತಿದ್ದೆ ಎಂದುಕೊಳ್ಳುವಷ್ಟರಲ್ಲಿ ಅದು ಅಲ್ಲಿಯೇ ಹೋಗಿ ಕೂತಿರುತ್ತಿತ್ತು. ಕೆಲವು ಸಲ ಬೇರೆಲ್ಲೋ ಕೂರುತ್ತಿತ್ತು. ಯಾಕಿರಬಹುದೆಂದು ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ, ಅರೆ, ಹೌದಲ್ಲ ಎಂದು ಹೊಳೆಯುತ್ತಿತ್ತು. ಯಾವುದಾದರೂ ಯಂತ್ರಕ್ಕೆ ಕಾವೇರಿದರೆ ತಂತ್ರಾಂಶ ಅದಕ್ಕೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿ, ಕೈಲಿದ್ದುದನ್ನು ಮುಗಿಸಲು ಬಿಟ್ಟು, ಪಕ್ಕಕ್ಕೆ ಕೂರಿಸಿ, ಇದನ್ನೊಮ್ಮೆ ನೋಡಿ ಎಂದು ಬರೆದಿಡುತ್ತಿತ್ತು.

ಒಂದು ಬೆಳಗ್ಗೆ ಎದೆ ಮೇಷ್ಟ್ರು ಬಂದರು. ಈಗ ಅವರ ಕೈಯಲ್ಲಿ ಊರುಗೋಲು, ತಲೆ ಪೂರ್ತಿ ಬೆಳ್ಳಗೆ. ಕಿಟಕಿಯಿಲ್ಲದ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತೋಚದೆ ಬಾಗಿಲಲ್ಲೇ ನಿಂತರು.

"ಅಕ್ಕ, ಅವತ್ತು ಎಂಟು ಕೇಳಿದ್ದೆ. ಆವತ್ತಿಗೆ ಅದು ಒರಟು ಹೃದಯ, ಗೊಂಬೆ ಇದ್ದ ಹಾಗೆ. ಈಗ ಒಂದೊಂದು ನಾರೂ ಇದೆ. ಈಗ ಎಲ್ಲಾನೂ ಬೇಕು. ಆರು ಗಂಟೆ."

"ಎಲ್ಲಾನೂ ಅಂದ್ರೆ ಸಾವಿರದ ಇನ್ನೂರೂ?"

"ಸಾವಿರದ ನೂರ ತೊಂಬತ್ತು ಸಾಕು" ಎಂದರು ಮೇಷ್ಟ್ರು, ತುಂಬ ಧಾರಾಳಿಯ ಹಾಗೆ.

ಸಮಿತಿ ಕೂತಿತು, ಎರಡು ಸಲ ಚರ್ಚೆಯಾಯಿತು, ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳ ಎರಡನೇ ಬುಧವಾರ ಬೆಳಗ್ಗೆ ಹತ್ತು ಗಂಟೆಗೆ. ಯುವತಿ ಆ ಹೊತ್ತನ್ನು ತಂತ್ರಾಂಶದಲ್ಲಿ ಕಾದಿರಿಸಿದಳು. ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಂಟನ್ನು ಖಾಲಿ ಮಾಡಲು ಮೂರು ವಾರ ಯಾರ ಯಾರ ಬಾಗಿಲು ಬಡಿದಿದ್ದಳೆಂದು ಅವಳಿಗೇ ಗೊತ್ತು.

"ಈಗ ನಾವು ಎಷ್ಟು ಜನಕ್ಕೆ ಫೋನ್ ಮಾಡ್ಬೇಕಮ್ಮ?"

"ಯಾರಿಗೂ ಮಾಡ್ಬೇಕಾಗಿಲ್ಲ ಅಕ್ಕ. ಸುಮ್ನೆ ನೋಡ್ತಿರಿ."

ಆ ಕ್ಲಸ್ಟರಿನಲ್ಲಿ ಯಾವ ಕೆಲಸವೂ ಮೂರು ದಿನ ಮೀರಿ ನಡೆಯುವಂತಿರಲಿಲ್ಲ. ಆದ್ದರಿಂದ ಭಾನುವಾರ ಬೆಳಗ್ಗೆ ಹತ್ತಕ್ಕೆ ಬದಲಾವಣೆ ಶುರುವಾಯಿತು. ಮೂರು ದಿನ ಬೇಕೆನ್ನುವ ಕೆಲಸಗಳು ಸಾಲಿನಲ್ಲೇ ಉಳಿದವು, ಎರಡು ದಿನದವು ಮುಂದೆ ಬಂದವು. ಸೋಮವಾರ ಕಳೆದಂತೆ ಒಂದು ದಿನದವು, ಮಂಗಳವಾರ ಅರ್ಧ ದಿನದವು. ಗಡುವು ಹತ್ತಿರವಾದಷ್ಟೂ ತಂತ್ರಾಂಶ ಸಣ್ಣ ಸಣ್ಣ ಕೆಲಸಗಳನ್ನು ಆರಿಸಿ ಸಂದುಗಳಿಗೆ ತುಂಬುತ್ತ ಹೋಯಿತು. ಯಾರನ್ನೂ ಗದರಿಸಲಿಲ್ಲ, ಯಾರ ಕೆಲಸವನ್ನೂ ಅರ್ಧಕ್ಕೆ ಕಿತ್ತು ಹಾಕಲಿಲ್ಲ. ಯಂತ್ರಗಳೂ ಹೆಚ್ಚು ಹೊತ್ತು ಸುಮ್ಮನೆ ಕೂರಲಿಲ್ಲ.

ಬುಧವಾರ ಅಕ್ಕ ಎಂಟಕ್ಕೇ ಬಂದಳು. ಈ ಸಲ ಗಂಡನನ್ನೂ ಕರೆತಂದಿದ್ದಳು; ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಒಂಬತ್ತು ಗಂಟೆಗೆ ಪರದೆಯಲ್ಲಿ ಅರ್ಧ ತಾಸಿನ ಕೆಲಸಗಳು ಬಂದು ಕೂತವು. ಒಂಬತ್ತೂವರೆಗೆ ಹತ್ತು ನಿಮಿಷದವು. ಒಂಬತ್ತು ಐವತ್ತಕ್ಕೆ ಚೌಕಗಳು ಒಂದೊಂದಾಗಿ ಖಾಲಿಯಾಗಿ ಬಿಳಿಯಾಗತೊಡಗಿದವು. ಪಟಪಟ, ಮೇಲಿಂದ, ಕೆಳಗಿಂದ, ನಡುವಿಂದ. ಭಾನುವಾರ ಹತ್ತಿದ್ದ ಕೆಲಸವೂ, ಐದು ನಿಮಿಷ ಹಿಂದೆ ಹತ್ತಿದ್ದ ಕೆಲಸವೂ ಒಂದೇ ದಡಕ್ಕೆ ಬಂದು ಮುಟ್ಟುತ್ತಿದ್ದವು. ಒಂಬತ್ತು ಐವತ್ತೆಂಟಕ್ಕೆ ಕೊನೆಯ ಚೌಕವೂ ಬಿಳಿಯಾಯಿತು.

ಫ್ಯಾನುಗಳ ಸದ್ದು ಇಳಿಯಿತು. ಈ ಕಟ್ಟಡದಲ್ಲಿ ಎಂದೂ ಕೇಳದಿದ್ದ ನಿಶ್ಶಬ್ದ. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಅಕ್ಕ ಎದ್ದು ನಿಂತಿದ್ದಳು, ತಾನು ಯಾವಾಗ ಎದ್ದೆನೆಂದು ಅವಳಿಗೇ ತಿಳಿದಿರಲಿಲ್ಲ.

"ಒಂದು ಚೂರೂ ವೇಸ್ಟ್ ಇಲ್ಲ" ಎಂದ ದರ್ಜಿ ಮೆಲ್ಲಗೆ. ನಲವತ್ತು ವರ್ಷ ಬಟ್ಟೆ ಕತ್ತರಿಸಿದವನ ದನಿಯಲ್ಲಿ ಅಷ್ಟು ಗೌರವವನ್ನು ಅವಳು ಎಂದೂ ಕೇಳಿರಲಿಲ್ಲ.

ಹತ್ತಾಯಿತು. ಎಲ್ಲ ಚೌಕಗಳೂ ಒಂದೇ ಏಟಿಗೆ ನೀಲಿಯಾದವು, ಮೂಲೆಯ ಹತ್ತು ಮಾತ್ರ ಬಿಳಿಯಾಗಿ ಉಳಿದವು. ಗೋಡೆಯಾಚೆ ಸದ್ದು ಏರಿತು, ಏರುತ್ತಲೇ ಹೋಯಿತು, ನೆಲ ಸಣ್ಣಗೆ ಅದುರಿತು. ಎದೆ ಮೇಷ್ಟ್ರು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ನಾಲ್ಕನೇ ಗಂಟೆ ಮುಗಿಯುತ್ತ ಬಂದಾಗ, ಮಧ್ಯಾಹ್ನ ಒಂದು ಐವತ್ತಕ್ಕೆ, ಇಪ್ಪತ್ತೊಂಬತ್ತನೇ ಕಪಾಟಿನ ಒಂದು ಚೌಕ ಕೆಂಪಾಯಿತು. ಮರುಕ್ಷಣ ಎಲ್ಲ ನೀಲಿಯೂ ಆರಿಹೋಯಿತು. ಅಕ್ಕ ಮೇಷ್ಟ್ರ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಆ ಮೆಟ್ಟಿಲು, ಆ ಊಟದ ಡಬ್ಬಿ, ಎಲ್ಲ ಕಣ್ಣ ಮುಂದೆ ಬಂದು ನಿಂತವು.

"ಹೋಯ್ತಾ?" ಎಂದಳು.

"ತಡೀರಿ ಅಕ್ಕ" ಎಂದಳು ಯುವತಿ. ಅವಳ ಕೈ ಕೀಲಿಗಳ ಮೇಲಿರಲಿಲ್ಲ, ಮಡಿಲಲ್ಲಿತ್ತು.

ಪರದೆಯ ಮೂಲೆಯ ಹತ್ತು ಬಿಳಿ ಚೌಕಗಳಲ್ಲಿ ಒಂದು ಕಣ್ಣು ಬಿಟ್ಟಂತೆ ಮಿನುಗಿತು. ಕೆಂಪಾದದ್ದನ್ನು ತಂತ್ರಾಂಶ ಸಾಲಿನಿಂದ ಎತ್ತಿ ಆಚೆ ಇಟ್ಟು, ಅದರ ಜಾಗಕ್ಕೆ ಇದನ್ನು ಸೇರಿಸಿಕೊಂಡಿತು. ಹೃದಯದ ಲೆಕ್ಕ ಅರ್ಧ ಗಂಟೆಗೊಮ್ಮೆ ಎಲ್ಲಿಯವರೆಗೆ ಬಂದೆನೆಂದು ಬರೆದಿಡುತ್ತಿತ್ತು. ತಂತ್ರಾಂಶ ಒಂದೂವರೆಗೆ ಬರೆದ ಆ ಜಾಗದಿಂದಲೇ ಕೆಲಸವನ್ನು ಮತ್ತೆ ಹತ್ತಿಸಿತು. ನೀಲಿ ಮರಳಿತು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿದಿರಲಿಲ್ಲ. ಕೋಣೆಯಲ್ಲಿ ಯಾರೂ ಒಂದು ಬೆರಳೂ ಎತ್ತಿರಲಿಲ್ಲ. ಕಳೆದದ್ದು ಇಪ್ಪತ್ತು ನಿಮಿಷದ ಲೆಕ್ಕ ಮಾತ್ರ. ಯುವತಿ ಮೊದಲೇ ಒಂದು ಗಂಟೆ ಹೆಚ್ಚಾಗಿ ಕಾದಿರಿಸಿದ್ದಳು.

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಬರೀ ಸಾಲು ಕಾಯ್ದೆ. ಇದು ಬಿದ್ದೋರನ್ನೂ ಎತ್ತುತ್ತಲ್ಲಪ್ಪಾ" ಎಂದಳು, ಯಾರಿಗೆಂದಿಲ್ಲದೆ. ಮೇಷ್ಟ್ರು ತಮ್ಮ ನೀರಿನ ಬಾಟಲಿಯನ್ನು ಅವಳತ್ತ ಚಾಚಿದರು.

ಸಂಜೆ ನಾಲ್ಕೂವರೆಗೆ ಫಲ ಬಂತು. ಅದನ್ನು ಚಿತ್ರವಾಗಿಸಲು ಇನ್ನೂ ಒಂದು ದಿನ ಹಿಡಿಯಿತು. ಗುರುವಾರ ಮಧ್ಯಾಹ್ನ ಕೋಣೆಯ ದೀಪ ಆರಿಸಿ ಗೋಡೆಯ ಮೇಲೆ ತೋರಿಸಿದರು. ಮುಷ್ಟಿ ಗಾತ್ರದ ಅಂಗ ಬಾಗಿಲೆತ್ತರ ನಿಂತಿತ್ತು, ಒಂದೊಂದು ನಾರೂ ಎಣಿಸಬಹುದಾದಷ್ಟು ಸ್ಪಷ್ಟ. ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನದನ್ನು ಎರಡು ನಿಮಿಷಕ್ಕೆ ಹಿಗ್ಗಿಸಿದ್ದರು. ಮೊದಲು ಮೇಲ್ಗಡೆ ಬಲಕ್ಕೆ ಸಾಸಿವೆಯಷ್ಟು ಒಂದು ಬೆಳಕು ಹುಟ್ಟಿತು. ಅದು ನಾರಿನಿಂದ ನಾರಿಗೆ ದಾಟಿತು, ನಡುವೆ ಒಂದು ಕಡೆ ಯಾರಿಗೋ ಕಾಯುವಂತೆ ತಡೆದು ನಿಂತಿತು, ಆಮೇಲೆ ಕವಲೊಡೆದು ಕೆಳಗಿಳಿಯಿತು. ಅದು ಮುಟ್ಟಿದಲ್ಲೆಲ್ಲ ಗೋಡೆ ಬಿಗಿಯಿತು. ಇಡೀ ಹೃದಯ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡಿತು, ಕವಾಟಗಳು ಹೂವಿನ ಎಸಳಿನಂತೆ ಬಿರಿದವು, ರಕ್ತ ಸುರುಳಿ ಸುತ್ತಿ ಹೊರಗೆ ಚಿಮ್ಮಿತು. ಆಮೇಲೆ ಎಲ್ಲ ಸಡಿಲವಾಯಿತು.

ಅಕ್ಕನ ಕಣ್ಣಲ್ಲಿ ನೀರಿತ್ತು. ಅದು ಬಂದದ್ದು ದುಃಖದಿಂದಲ್ಲ, ಸಂತೋಷವೆಂದೂ ಅವಳು ಹೇಳಲಾರಳು. ಪರ್ವತದ ಬುಡದಲ್ಲಿ ನಿಂತು ತಲೆಯೆತ್ತಿದವರಿಗೆ ಆಗುತ್ತದಲ್ಲ, ಅಂಥದ್ದು.

"ಸಾವಿರದ ನೂರ ತೊಂಬತ್ತು ಯಂತ್ರ, ಆರು ಗಂಟೆ, ಒಂದು ಬಡಿತಕ್ಕೆ?" ಎಂದು ದರ್ಜಿ ಕತ್ತಲಲ್ಲಿ ಪಿಸುಗುಟ್ಟಿದ. "ಇದು ನಮ್ಮೊಳಗೆ ದಿನಕ್ಕೆ ಲಕ್ಷ ಸಲ ಆಗುತ್ತಾ? ನಾವು ಕೇಳದೇನೇ?"

"ಕೇಳದೇನೇ" ಎಂದರು ಮೇಷ್ಟ್ರು.

ದೀಪ ಹತ್ತಿತು. ಎಲ್ಲರೂ ಮೇಷ್ಟ್ರ ಕೈ ಕುಲುಕಿದರು. ಅವರು ಮಾತ್ರ ಗೋಡೆಯನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ್ದರು. ಆಮೇಲೆ ಅಕ್ಕನ ಮೇಜಿನ ಹತ್ತಿರ ಬಂದು, ಊರುಗೋಲಿನ ತುದಿಯಿಂದ ನೆಲ ಕೆರೆಯುತ್ತ ನಿಂತರು.

"ಅಕ್ಕ, ಕೋಪ ಮಾಡ್ಕೋಬೇಡಿ. ಮೊದಲನೇ ಬಡಿತ ನಾವು ನಿಲ್ಲಿಸಿದ್ದ ಹೃದಯದಿಂದ ಶುರುವಾಗಿದ್ದು. ಅದು ಎದ್ದು ಸರಿಯಾಗಿ ಲಯಕ್ಕೆ ಬರೋದು ಎರಡನೇದರಲ್ಲಿ."

"ಅಂದ್ರೆ?"

"ಇನ್ನೊಂದು ಬಡಿತ ಬೇಕು."

ಅಕ್ಕ ಜೋರಾಗಿ ನಕ್ಕಳು. ಆ ಕೋಣೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಮೇಷ್ಟ್ರಿಗೆ ಕುರ್ಚಿ ಎಳೆದು ಕೊಟ್ಟು, ಅರ್ಜಿಯ ಪುಟ ತೆರೆದು, ಅವರ ಪಕ್ಕದಲ್ಲೇ ಕೂತು ಒಂದೊಂದು ಖಾನೆಯನ್ನೂ ತುಂಬಿಸಿದಳು. ಹಿಂದಿನ ದಿನವಷ್ಟೇ ಅಷ್ಟು ದೊಡ್ಡ ಊಟ ಮಾಡಿದ್ದರಿಂದ ಅವರ ತೂಕ ತಳಕ್ಕೆ ಇಳಿದಿತ್ತು. ಸಾಲಿನಲ್ಲಿ ಅವರ ಜಾಗ ಮೂರು ಸಾವಿರದ ಎಂಟುನೂರ ಹನ್ನೆರಡು.

"ಇಷ್ಟು ಹಿಂದೆನಾ?" ಎಂದರು ಮೇಷ್ಟ್ರು.

"ನ್ಯಾಯವಾಗಿದೆ" ಎಂದಳು ಅಕ್ಕ.

ಅವಳು ಆರು ತಿಂಗಳಲ್ಲಿ ನಿವೃತ್ತಳಾದಳು. ಸಮಿತಿ ಒಪ್ಪಿ ಎರಡನೇ ಬಡಿತದ ದಿನ ಬಂದದ್ದು ಅದಾಗಿ ಎರಡು ತಿಂಗಳಿಗೆ. ಆ ಬೆಳಗ್ಗೆ ಅವಳು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋದಳು. ಪರದೆಯೆದುರು ಬೇರೆ ಬೇರೆ ವಿಭಾಗದವರು ಎಷ್ಟೋ ಜನ ಆಗಲೇ ನೆರೆದಿದ್ದರು. ಒಂಬತ್ತು ಐವತ್ತು ದಾಟಿತ್ತು, ಚೌಕಗಳು ಬಿಳಿಯಾಗಲು ಶುರುವಾಗಿದ್ದವು. ಯಾರೋ ಎದ್ದು ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಅವಳು ಬೇಡವೆಂದು ಕೈಯಾಡಿಸಿ, ಹಿಂದಿನ ಸಾಲಿನಲ್ಲಿ, ಎಲ್ಲರ ತಲೆಗಳ ಮೇಲಿಂದ ಕತ್ತು ಚಾಚಿಕೊಂಡು ನಿಂತಳು.